ಅಣ್ಣ ಮುಟ್ಟಿ ಮುಟ್ಟಿ ಕಟ್ಟಿದ ಹಡಗು

ಅಣ್ಣ ಮುಂಬಯಿಯಲ್ಲಿ ಹಡಗು ರಿಪೇರಿ ಮಾಡುವ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಕಬ್ಬಿಣದ ಚೂರು ಸಿಡಿದು ಅವನ ಬಲಗಣ್ಣು ಹೋಯಿತು. ಎಡಗಣ್ಣೂ ಮಂಜಾಗತೊಡಗಿದಾಗ ಕೆಲಸ ಬಿಟ್ಟು ತಿಕೋಟಾದ ನಮ್ಮ ಮನೆಗೆ ಬಂದ. ಟ್ರಂಕಿನ ಜೊತೆ ಉದ್ದನೆಯದೊಂದು ರಟ್ಟಿನ ಡಬ್ಬಿಯಿತ್ತು. ಪರದೇಶದ ಹಡಗಿನ ಎಂಜಿನಿಯರೊಬ್ಬ ಅವನನ್ನು ನೋಡಲು ಆಸ್ಪತ್ರೆಗೆ ಬಂದಾಗ ಕೊಟ್ಟದ್ದಂತೆ. ಒಳಗೆ ತೆಳ್ಳನೆಯ ಕಟ್ಟಿಗೆ ಪಟ್ಟಿಗಳು, ಕಡ್ಡಿಗಳು, ದಾರದ ಉಂಡೆ, ಹಾಯಿಯ ಬಟ್ಟೆ, ಒಂದು ನಕ್ಷೆ. ಎಲ್ಲ ಜೋಡಿಸಿದರೆ ಹಾಯಿಹಡಗು ಆಗುತ್ತದೆ ಎಂದ. ನಾನಾಗಲಿ ಅವ್ವನಾಗಲಿ ಸಮುದ್ರ ನೋಡಿದವರಲ್ಲ. ಅಪ್ಪ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು.

ಅವನನ್ನು ವಿಜಾಪುರದ ಡಾಕ್ಟರರಿಗೆ ತೋರಿಸಲು ನಾನೇ ಹೋದೆ. ಈಗಿರುವಷ್ಟು ಬೆಳಕೂ ಉಳಿಯುವುದಿಲ್ಲ ಎಂದು ಅವರು ಅವನೆದುರಿಗೇ ಹೇಳಿದರು. ಹೊರಗೆ ಬಂದವನು ಬಸ್ ನಿಲ್ದಾಣದ ಕಡೆ ಹೊರಳಲಿಲ್ಲ. ಸೊಲ್ಲಾಪುರ ರಸ್ತೆಯ ಅಂಗಡಿಗೆ ನನ್ನನ್ನು ಕರೆದೊಯ್ದು ಅಂಟು, ಕಟ್ಟಿಗೆ ಉಜ್ಜುವ ಕಾಗದ ಕೊಂಡ.

"ಕಣ್ಣ ಕಾಣೂತನಾ ಹಡಗ ಮಾಡೂಣು, ತಂಗೀ," ಎಂದ.

ನಕ್ಷೆ ನೋಡಿ ಯಾವ ಪಟ್ಟಿ ಎಲ್ಲಿಗೆ ಎಂದು ಹೇಳುವುದು ನನ್ನ ಕೆಲಸ. ಅವನು ಪಟ್ಟಿಯನ್ನು ನೀರಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಬಾಗಿಸಿ, ಅಂಟು ಹಚ್ಚಿ ಒತ್ತಿ ಹಿಡಿಯುತ್ತಿದ್ದ. ಹಡಗಿನ ಹೊಟ್ಟೆ ಮುಗಿಯುವ ಹೊತ್ತಿಗೆ ಅವನಿಗೆ ಪಟ್ಟಿಗಳ ಅಂಚು ಕಾಣುತ್ತಿರಲಿಲ್ಲ. ಹೆಬ್ಬೆರಳು ಸವರಿಯೇ ಉಬ್ಬುತಗ್ಗು ಹುಡುಕಿ ಉಜ್ಜುತ್ತಿದ್ದ.

ಅವನಿಗೆ ಬಬಲೇಶ್ವರದ ಹುಡುಗಿಯೊಂದಿಗೆ ಮದುವೆ ಗೊತ್ತಾಗಿತ್ತು. ಒಂದು ಕಣ್ಣು ಹೋದದ್ದು ಅವರಿಗೆ ತಿಳಿದಿತ್ತು. ಇನ್ನೊಂದರ ಸುದ್ದಿಯನ್ನು ಅವ್ವ ಮುಚ್ಚಿಟ್ಟಿದ್ದಳು. ಹುಡುಗಿಯ ಅಪ್ಪ ಬರುವ ದಿನ, "ಎದ್ದು ಅಡ್ಡಾಡಬ್ಯಾಡ. ಕುಂತಲ್ಲೇ ಮಾತಾಡು," ಎಂದು ಅಣ್ಣನಿಗೆ ತಾಕೀತು ಮಾಡಿದಳು.

ಬಂದವರು ಅವನ ಪಕ್ಕದಲ್ಲಿದ್ದ ಹಡಗನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ನೀವ ಮಾಡೀರೇನು?"

"ಹೌದ್ರಿ."

"ಭಾಳ ನಾಜೂಕ ಕೆಲಸ. ಒಂದ ಕಣ್ಣ ಹೋದ್ರ ಏನಾತು, ಇನ್ನೊಂದು ಇಷ್ಟ ಚುರುಕ ಐತಲ್ಲ. ಲಗ್ನದ ತಾರೀಕ ಹಿಡಿಯೂಣು."

ಬಾಗಿಲಲ್ಲಿ ನಿಂತಿದ್ದ ಅವ್ವನ ಮುಖ ಸಡಿಲಾಯಿತು. ಅಣ್ಣ ದನಿ ಬಂದ ಕಡೆ ಮುಖ ತಿರುಗಿಸಿದ.

"ಮಾವಾರ, ಅದನ್ನ ಮುಟ್ಟಿ ಮುಟ್ಟಿ ಮಾಡೇನ್ರಿ. ನೋಡಿದಾಕಿ ನನ್ನ ತಂಗಿ. ಈಗ ನಿಮ್ಮ ಮಾರಿ ಸೈತ ನನಗ ಕಾಣವಲ್ದು."

ಅವರು ಹಡಗನ್ನು ಮೆಲ್ಲಗೆ ಕೆಳಗಿಟ್ಟರು. ಡಾಕ್ಟರು ಏನಂದರೆಂದು ಕೇಳಿದರು, ಅಣ್ಣ ಹೇಳಿದ. ಚಹಾ ಕುಡಿದು ಏಳುವಾಗ ಅವನ ಹೆಗಲ ಮೇಲೆ ಕೈಯಿಟ್ಟು, "ಹೇಳಿದ್ದು ಚಲೋ ಆತಪಾ," ಎಂದರು. ಆಮೇಲೆ ಬಬಲೇಶ್ವರದಿಂದ ಯಾರೂ ಬರಲಿಲ್ಲ. ಹುಡುಗಿಯನ್ನು ಕನಮಡಿಗೆ ಕೊಟ್ಟರೆಂದು ಚಳಿಗಾಲದಲ್ಲಿ ಕೇಳಿದೆವು.

ಆ ಸುದ್ದಿ ಬಂದ ದಿನ ಒಲೆಯ ಮುಂದೆ ಕೂತು ಅವ್ವ ಅತ್ತಳು. "ಲಗ್ನ ಆಗೂತನಾ ಬಾಯಿ ಮುಚ್ಚಿಕೊಂಡಿರಾಕ ಆಗಲಿಲ್ಲೇನು ನಿನಗ?"

"ಆಕಿ ಮನೀಗಿ ಬಂದಮ್ಯಾಲ ಆಕೀಗಿ ಏನ ಹೇಳ್ತಿದ್ದಿ, ಯವ್ವಾ?"

ಅವ್ವ ಎಷ್ಟೋ ದಿನ ಅವನೊಂದಿಗೆ ಮಾತೇ ಆಡಲಿಲ್ಲ; ಊಟದ ತಾಟು ಮುಂದಿಟ್ಟು ಒಳಗೆ ಹೋಗುತ್ತಿದ್ದಳು. ಕಂಬ, ಹಾಯಿ ಇನ್ನೂ ಏರದ ಹಡಗು ಗೋಡೆಯ ಗೂಡಿನಲ್ಲಿ ಬಟ್ಟೆ ಮುಚ್ಚಿಕೊಂಡು ಬಿದ್ದಿತ್ತು. ಅಣ್ಣ ಅದನ್ನು ಕೇಳಲಿಲ್ಲ. ದಿನವಿಡೀ ಗೋಡೆಗೊರಗಿ ಕೂತಿರುತ್ತಿದ್ದ.

ಕಡೆಗೆ ಅದನ್ನು ಕೆಳಗಿಳಿಸಿದವಳು ಅವ್ವ. ಕೌದಿ ಹೊಲಿಯುವ ಸೂಜಿ ಹಿಡಿದು ಬಂದು ಅವನ ಎದುರಿಗೆ ಕೂತಳು.

"ದಾರ ಎಲ್ಲಿ ಕಟ್ಟಬೇಕ ಹೇಳು."

ನಾನು ನಕ್ಷೆ ಓದಿದೆ. ಅಣ್ಣ ಕಂಬಗಳನ್ನು ನಿಲ್ಲಿಸಿದ. ಅವ್ವ ಒಂದೊಂದೇ ದಾರ ಎಳೆದು ಗಂಟು ಹಾಕುತ್ತ ಹೋದಳು. ಹಾಯಿ ಏರಿಸಿದ ದಿನ ಅಣ್ಣ ಹಡಗನ್ನು ತೊಡೆಯ ಮೇಲಿಟ್ಟುಕೊಂಡು ತುದಿಯಿಂದ ತುದಿಗೆ ಸವರಿದ. ಆಮೇಲೆ ತಲೆ ಎತ್ತಿ ಬಾಗಿಲ ಕಡೆ ತಿರುಗಿದ.

"ಹೊತ್ತ ಮುಳುಗೇತೇನು?"

ನಡುಮಧ್ಯಾಹ್ನ. ಅಂಗಳದಲ್ಲಿ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ನಾನು ಬಾಯಿ ತೆರೆಯುವುದರೊಳಗೆ ಅವ್ವ ನನ್ನ ಕೈ ಒತ್ತಿದಳು.

"ಹೂಂ, ಮುಳುಗೇತಿ," ಎಂದಳು.

ಅವನಿಗೆ ತಿಳಿಯಿತೋ ಏನೋ. ಅಂಗಳದಲ್ಲಿ ಕೋಳಿಗಳು ಕೆದರುವ ಸದ್ದು ಕೇಳುತ್ತಿತ್ತು. ಅವನು ಹಡಗನ್ನು ನನ್ನ ಕೈಗೆ ಕೊಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಮಲಗಿದ.