ಶಾಲೆಯ ಹಿಂದಿನ ಗೇಟು

ಸಭೆಯಲ್ಲಿ ಎದುರುತ್ತರ ಸಿಗದ ಮಾತು ಸರಿಯಾದ ಮಾತೇ ಆಗಿರಬೇಕೆಂದು ನೀವೂ ನಂಬಿದ್ದೀರಾ? ಕಳೆದ ವಾರ ಪಕ್ಕದ ಮನೆಯವರು ಕಾಂಪೌಂಡು ಕಟ್ಟಿಸುತ್ತಿದ್ದರು. ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದೊಡನೆ, ನಂಜನಗೂಡಿನ ನಮ್ಮ ಬಡಾವಣೆಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಅಕ್ಕ ನೆನಪಾದರು...

ಎರಡು ಸಾವಿರದ ದಶಕದ ನಡುವಿನ ಮಾತು. ಶಾಲೆಯ ಹಿಂಬದಿಯ ಬೀದಿಯ ಖಾಲಿ ಮಳಿಗೆಯೊಂದರಲ್ಲಿ ಮದ್ಯದಂಗಡಿ ತೆರೆಯಲು ಯಾರೋ ಅರ್ಜಿ ಹಾಕಿದ್ದರು. ಅದನ್ನು ತಡೆಯಲು ನಾವೊಂದು ಸಮಿತಿ ರಚಿಸಿಕೊಂಡೆವು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದಿದ್ದ ನಾನು ಅದರ ಕಾರ್ಯದರ್ಶಿ. ಅಕ್ಕನ ಮನೆ ಆ ಮಳಿಗೆಗೆ ಅಂಟಿಕೊಂಡಿತ್ತು. ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದ ಅವರ ಗಂಡ ಕುಡಿತ ಬಿಟ್ಟು ಎಂಟು ತಿಂಗಳಾಗಿತ್ತು. ಪೇಟೆಯ ಮದ್ಯದಂಗಡಿಗಳು ಕಣ್ಣಿಗೆ ಬೀಳದಿರಲೆಂದು ಆತ ದಿನವೂ ರೈಲುಹಳಿಯ ಪಕ್ಕದ ಬಳಸುದಾರಿ ಹಿಡಿದು ಮನೆ ಸೇರುತ್ತಿದ್ದ. ಮನೆಬಾಗಿಲಲ್ಲೇ ಅಂಗಡಿ ಬಂದರೆ ಬಳಸುವುದಾದರೂ ಎಲ್ಲಿಂದ? ಆ ದಿನಗಳಲ್ಲಿ ಅಕ್ಕ ಸಾಂಬಾರಿಗೆ ಎರಡೆರಡು ಸಲ ಉಪ್ಪು ಹಾಕಿಬಿಡುತ್ತಿದ್ದರು. ನನ್ನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ: "ಏನಾಯ್ತು ಸಾ?"

ಅಂಗಡಿಯ ಕಡೆಗಿರುವ ಹಿಂದಿನ ಗೇಟನ್ನು ಇಟ್ಟಿಗೆ ಕಟ್ಟಿ ಮುಚ್ಚೋಣ, ಏನೇ ಆದರೂ ಮಕ್ಕಳು ಕುಡುಕರ ಕೈಗೆ ಸಿಗದಿರಲಿ ಎಂದು ನಾನು ಸಭೆಯಲ್ಲಿ ಸೂಚಿಸಿದೆ.

"ಮುಚ್ಚಬ್ಯಾಡಿ ಸಾ," ಎಂದರು ಅಕ್ಕ. "ಕಳ್ಳ ಬತ್ತಾನೆ ಅಂತ ಮನೆಯೋರೇ ಮನೆ ಬುಡ್ತಾರಾ? ಅಂಗ್ಡಿ ಇನ್ನೂ ಬಂದೇ ಇಲ್ಲ!"

"ಸೌಟು ಹಿಡಿಯೋಳಿಗೆ ಕಾನೂನ್ಯಾಕವ್ವಾ?" ಎಂದು ಅಧ್ಯಕ್ಷರು ಎಲ್ಲರನ್ನೂ ನಗಿಸಿದರು.

"ಕಾನೂನ್ ಗೊತ್ತಿಲ್ಲ ಸಾ. ನನ್ ಗಂಡ ಗೊತ್ತು."

ನಾನು ಮೂರು ಕಾರಣಗಳನ್ನು ಮುಂದಿಟ್ಟು ಅವರ ಮಾತನ್ನು ಮೃದುವಾಗಿಯೇ ಖಂಡಿಸಿದೆ. ಚಪ್ಪಾಳೆ ಬಿತ್ತು. ಎರಡೇ ದಿನದಲ್ಲಿ ಗೋಡೆ ಎದ್ದಿತು.

ಶಾಲೆಯಿಂದ ನೂರು ಮೀಟರಿನೊಳಗೆ ಮದ್ಯದಂಗಡಿ ಇರಕೂಡದೆಂಬ ನಿಯಮವೊಂದೇ ನಮ್ಮ ಆಧಾರ. ಹಿಂದಿನ ಗೇಟಿನಿಂದ ಅಳೆದರೆ ಆ ಮಳಿಗೆ ಅದರೊಳಗೇ ಬರುತ್ತಿತ್ತು. ಅಳೆಯಲು ಬಂದ ಅಧಿಕಾರಿಗೆ ನಾನು ಆ ಜಾಗವನ್ನು ತೋರಿಸಿದೆ.

"ಇದು ಗೋಡೆ ಕಣ್ರೀ. ಮಕ್ಕಳು ಓಡಾಡೋ ಗೇಟ್ ತೋರ್ಸಿ."

ಟೇಪು ಮುಂದಿನ ಗೇಟಿನಿಂದ ಹೊರಟು ಬೀದಿ ಸುತ್ತಿತು. ನೂರು ಮೀಟರು ಮುಗಿದರೂ ಮಳಿಗೆ ಸಿಗಲಿಲ್ಲ. ಅಡುಗೆಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ ಒಳಗೆ ಹೋಗಿ ಸಾಂಬಾರು ಕದಡತೊಡಗಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು...

ಅಂಗಡಿ ತೆರೆಯಿತು. ಗಂಡ ಹದಿನೈದು ದಿನ ತಡೆದುಕೊಂಡ. ಮರುವರ್ಷ ಆತನನ್ನು ಮಣ್ಣು ಮಾಡಿ ಅಕ್ಕ ಬನ್ನೂರಿನ ತವರಿಗೆ ಹೊರಟುಹೋದರು. ತಪ್ಪೊಪ್ಪಿಕೊಳ್ಳಲು ನನಗೆ ಧೈರ್ಯ ಬಂದು, ನಾನು ಬನ್ನೂರಿನ ಬಸ್ಸು ಹತ್ತುವ ಹೊತ್ತಿಗೆ ಅವರೂ ಬದುಕಿರಲಿಲ್ಲ.

ಈಗ ಅದೇ ಬೀದಿಯಲ್ಲಿ ಇನ್ನೊಂದು ಅಂಗಡಿಗೆ ಅರ್ಜಿ ಬಿದ್ದಿದೆಯಂತೆ. ನಾಳೆ ನಿಮ್ಮ ಬಡಾವಣೆಗೂ ಬಂದೀತು. ಆಗ ದಯವಿಟ್ಟು, ಠರಾವು ಬರೆಯುವ ಮೊದಲು, ಆ ಅಂಗಡಿಗೆ ಅತಿ ಹತ್ತಿರದ ಮನೆಯ ಹೆಂಗಸಿನ ಬಳಿಗೆ ಹೋಗಿ ಕುಳಿತು ಕೇಳಿ.