ಮೇಡಂ ಮನೆಯ ಕಾಫಿ ಫ್ಲಾಸ್ಕು

ಮೊನ್ನೆ ಅಟ್ಟ ಖಾಲಿ ಮಾಡುವಾಗ ಕೆಂಪು ಫ್ಲಾಸ್ಕೊಂದು ಸಿಕ್ಕಿತು. ಮುಚ್ಚಳ ತೆಗೆದೆ. ಸ್ಪಿರಿಟ್ಟಿನ ವಾಸನೆ, ಅದರಡಿಯಲ್ಲಿ ಎಲ್ಲೋ ಹಳೆಯ ಕಾಫಿ... ನಿಜವೋ ನನ್ನ ಭ್ರಮೆಯೋ.

ಎಂಬತ್ತರ ದಶಕದ ಮಾತು. ಜ್ಞಾನಭಾರತಿಯಲ್ಲಿ ನಾನು ಪಿಎಚ್‌ಡಿ ವಿದ್ಯಾರ್ಥಿನಿ, ಮೇಡಂ ನನ್ನ ಗೈಡ್. ಅಂಡಾಶಯದ ಜೀವಕೋಶಗಳ ಮೇಲೆ ನಮ್ಮ ಕೆಲಸ. ಬೆಳಿಗ್ಗೆ ಕಸಾಯಿಖಾನೆಯಿಂದ ಮೇಕೆಯ ಅಂಡಾಶಯಗಳನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತರಬೇಕಿತ್ತು. ದಾರಿಯಲ್ಲಿ ತಣ್ಣಗಾಗುತ್ತವೆಂದು ಮೇಡಂ ತಮ್ಮ ಮನೆಯ ಕಾಫಿ ಫ್ಲಾಸ್ಕನ್ನೇ ಕೊಟ್ಟುಬಿಟ್ಟರು. "ನಮ್ಮತ್ತೆಗೆ ಮಾತ್ರ ಗೊತ್ತಾಗ್ಬಾರ್ದು ಕಣೇ" ಎಂದು ನಕ್ಕರು. ತಾಯಿಯಿಲ್ಲದ ನನಗೆ ಅಷ್ಟೇ ಸಾಕಾಯಿತು. ಬಸ್ಸಿನಲ್ಲಿ ಯಾರಾದರೂ "ಕಾಫಿನಾಮ್ಮಾ?" ಎಂದರೆ ಹೂಂ ಎನ್ನುತ್ತಿದ್ದೆ.

ಕೋಶಗಳನ್ನು ಕರುವಿನ ರಕ್ತದಿಂದ ತೆಗೆದ ಸೀರಂ ಹಾಕಿ ಬೆಳೆಸುವುದು ನಮ್ಮ ರೂಢಿ. ಆಮೇಲೆ ಪಿಟ್ಯುಟರಿ ಗ್ರಂಥಿಯ ಹಾರ್ಮೋನ್ ಕೊಟ್ಟರೆ ಅವು ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ತಯಾರಿಸುತ್ತಿದ್ದವು. ಎಲ್ಲಾ ಆ ಹಾರ್ಮೋನಿನದೇ ಮಹಿಮೆ ಎಂದುಕೊಂಡಿದ್ದೆವು. ಒಮ್ಮೆ ಸೀರಂ ಮುಗಿಯಿತು, ಹೊಸದು ಬರಲೇ ಇಲ್ಲ. ಇಲ್ಲದೆಯೇ ಮಾಡಿದೆ. ಹಾರ್ಮೋನ್ ಕೊಟ್ಟರೂ ಕೋಶಗಳು ಜಪ್ಪಯ್ಯ ಅಂದರೂ ಕದಲಲಿಲ್ಲ. ಜೊತೆಗೆ ಇನ್ಸುಲಿನ್ ಸೇರಿಸಿದೆ ನೋಡಿ, ಅಬ್ಬಾ, ಪ್ರೊಜೆಸ್ಟರಾನ್ ಧಾರಾಳವಾಗಿ ಬಂತು! ಸೀರಂನೊಳಗೆ ಅಡಗಿ ಕೂತಿದ್ದ ಇಂಥದೇ ಬೆಳವಣಿಗೆಯ ಅಂಶಗಳು ಕೈಜೋಡಿಸದೆ ಆ ಹಾರ್ಮೋನಿನ ಮಾತು ಕೋಶದೊಳಗೆ ನಡೆಯುತ್ತಿರಲಿಲ್ಲ. ಇಷ್ಟು ದಿನ ಹೆಪ್ಪು ಹಾಕಿದ್ದನ್ನೇ ಮರೆತು, ಹಾಲು ತಾನೇ ಮೊಸರಾಯಿತು ಎಂದುಕೊಂಡಂತಾಗಿತ್ತು ನಮ್ಮ ಪಾಡು.

ಗ್ರಾಫ್ ಹಿಡಿದು ಮೇಡಂ ಹತ್ತಿರ ಓಡಿದೆ. "ಕಂಟಾಮಿನೇಷನ್ ಆಗಿರ್ಬೇಕು. ಬಿಸಾಕಿ, ಸೀರಂ ಬಂದ್ಮೇಲೆ ಮಾಡು" ಎಂದರು. ಅವರ ಮಾತು ಮೀರುವುದುಂಟೇ? ಗ್ರಾಫ್ ಮಾತ್ರ ಅವರ ಮೇಜಿನ ಮೇಲೇ ಉಳಿಯಿತು.

ಕೆಲವು ತಿಂಗಳ ನಂತರ ವಿಭಾಗದಲ್ಲಿ ಮೇಡಂ ಉಪನ್ಯಾಸ. ಸ್ಲೈಡ್ ಪ್ರೊಜೆಕ್ಟರ್ ಪಕ್ಕ ಕೂತವಳು ನಾನೇ. ಗುಂಡಿ ಒತ್ತಿದೆ. ಪರದೆಯ ಮೇಲೆ ನನ್ನದೇ ಗ್ರಾಫು! "ನನಗೆ ಮೊದಲಿಂದಲೂ ಸೀರಂ ಮೇಲೆ ಅನುಮಾನ ಇತ್ತು" ಎಂದರು ಮೇಡಂ. ಚಪ್ಪಾಳೆಯೋ ಚಪ್ಪಾಳೆ. ಮುಂದಿನದು ಎಂದು ನನ್ನತ್ತ ಕೈಸನ್ನೆ ಮಾಡಿದರು. ಒತ್ತಿದೆ. ಕೊನೆಯ ಸ್ಲೈಡಿನಲ್ಲಿ ಎಲ್ಲರಿಗೂ ಕೃತಜ್ಞತೆ ಇತ್ತು, ನನ್ನ ಹೆಸರಿರಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ತಡೆದು ನಿಲ್ಲಿಸಿದೆ. "ಮೇಡಂ, ಅದು ನಾನು ಮಾಡಿದ್ದಲ್ವಾ?"

"ಲ್ಯಾಬಲ್ಲಿ ನಂದು ನಿಂದು ಅಂತ ಇರುತ್ತೇನೇ? ಎಲ್ಲಾ ನಮ್ಮದು ಕಣೇ" ಎಂದು ಬೆನ್ನು ತಟ್ಟಿದರು.

ಬೈದಿದ್ದರೆ ಸಹಿಸುತ್ತಿದ್ದೆ. ಆ ತಟ್ಟಿದ್ದಕ್ಕೆ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತದೆ. ಪಿಎಚ್‌ಡಿ ಅಲ್ಲಿಗೇ ಬಿಟ್ಟೆ, ಫ್ಲಾಸ್ಕನ್ನೂ ವಾಪಸ್ ಕೊಡಲಿಲ್ಲ. ಬಸವೇಶ್ವರನಗರದ ಶಾಲೆಯೊಂದರಲ್ಲಿ ಟೀಚರಾಗಿ ಸೇರಿಕೊಂಡೆ. ಆ ಸಂಶೋಧನೆಗೆ ಮೇಡಂ ಹೆಸರೇ ನಿಂತಿತು. ಅವರು ತೀರಿಕೊಂಡ ಸುದ್ದಿ ಬಂದ ದಿನ ನಾನು ಅತ್ತೆ... ಯಾಕೆ ಅತ್ತೆನೋ, ಸಿಟ್ಟು ಮಾತ್ರ ಹೋಗಲಿಲ್ಲ.

"ಯಾರದಮ್ಮಾ ಇದು? ಎಸೀಲಾ?" ಕೆಳಗೆ ನಿಂತು ಸಾಮಾನು ಇಳಿಸಿಕೊಳ್ಳುತ್ತಿದ್ದ ಮಗಳು ಫ್ಲಾಸ್ಕು ಹಿಡಿದು ಕೇಳಿದಳು.

ನಮ್ಮದು ಎನ್ನಬಹುದಿತ್ತು. ಬಾಯಿ ಬರಲಿಲ್ಲ.

"ಎಸೀಬೇಡ. ಅದು ಮೇಡಂದು" ಎಂದೆ.