ಕೊನೆಯ ಮಡಿಕೆಯ ಕೆಂಪು ಸಾಲು

ಮೊದಲು ಬಂದದ್ದು ಅಗರಬತ್ತಿಯ ಹಸಿ ಮಸಾಲೆಯ ವಾಸನೆ. ಹಚ್ಚಿದ ಬತ್ತಿಯ ಪರಿಮಳವಲ್ಲ, ಇದ್ದಿಲ ಪುಡಿಗೆ ನೀರು ಹಾಕಿ ಕಲಸಿದಾಗ ಏಳುವ ಒಗರು ವಾಸನೆ. ಚಿಕ್ಕಲಸಂದ್ರದ ಅಕ್ಕನ ಮನೆಗೆ ಬಣ್ಣ ಹೊಡೆಸುವಾಗ ಸಜ್ಜಾದ ಮೇಲಿಂದ ಅಮ್ಮನ ತಗಡಿನ ಡಬ್ಬಿ ಇಳಿಸಿದ್ದರು. ಅದರೊಳಗೆ ಒಂದೇ ಒಂದು ನೀಲಿ ಇನ್‌ಲ್ಯಾಂಡ್ ಕಾಗದವಿತ್ತು. ಅಕ್ಕ ಅದನ್ನು ನನ್ನ ಕೈಗಿಟ್ಟು, "ನಿಂದೇ ಕಣೋ, ಇಟ್ಕೋ" ಎಂದಷ್ಟೇ ಹೇಳಿ ಕಾಫಿ ಮಾಡಲು ಎದ್ದಳು.

ಇಷ್ಟು ವರ್ಷ ಒಂದು ಕಾಗದದಲ್ಲಿ ವಾಸನೆ ಉಳಿಯುತ್ತದೆಯೇ? ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಉಳಿಯಲಾರದು ಎಂದೇ ನನ್ನ ಅಂದಾಜು. ಬಹುಶಃ ಅದು ಕಾಗದದಲ್ಲಿರಲಿಲ್ಲ, ನನ್ನ ತಲೆಯಲ್ಲಿತ್ತು...

ಬರಹ ನನ್ನದೇ, ಐದನೇ ಕ್ಲಾಸಿನ ದುಂಡಗಿನ ಅಕ್ಷರ. "ಅಮ್ಮ, ನಾನು ಚೆನ್ನಾಗಿದ್ದೇನೆ. ಇಲ್ಲಿ ಊಟ ಬಹಳ ರುಚಿ. ನೀನು ಬರುವುದು ಬೇಡ. ಬಂದರೆ ನನಗೆ ಬೇಜಾರಾಗುತ್ತದೆ." ಕೊನೆಯ ಮಡಿಕೆ ಯಾವಾಗಲೋ ನೀರು ತಾಗಿ ಅಂಟಿಕೊಂಡಿತ್ತು. ನಮಸ್ಕಾರಗಳು ಎಂದಿರಬಹುದು, ಇನ್ನೇನಿರುತ್ತದೆ ಎಂದುಕೊಂಡು ಬಿಡಿಸಲು ಹೋಗಲಿಲ್ಲ. ಆ ಕಾಗದ ನೋಡುತ್ತ ನನಗೆ ನೆನಪಾದವರು ನಮ್ಮ ಹಾಸ್ಟೆಲಿನ ವಾರ್ಡನ್ ಮೇಷ್ಟ್ರು.

ಅಪ್ಪ ತೀರಿಕೊಂಡ ವರ್ಷ ಸೋದರಮಾವ ನನ್ನನ್ನು ತುಮಕೂರಿನಾಚೆಯ ಒಂದು ವಸತಿಶಾಲೆಗೆ ಸೇರಿಸಿದ. ಅಮ್ಮ ಸಾರಕ್ಕಿಯ ಒಂದೇ ಕೋಣೆಯ ಮನೆಯಲ್ಲಿ ಅಗರಬತ್ತಿ ಹೊಸೆಯುತ್ತಿದ್ದಳು. ಓದು ಬರಹ ಬಾರದು. ನನ್ನ ಕಾಗದಗಳನ್ನು ಅಕ್ಕನೇ ಓದಿ ಹೇಳಬೇಕಿತ್ತು.

ಶಾಲೆಯಲ್ಲಿ ಒಂದು ನಿಯಮವಿತ್ತು. ಭಾನುವಾರ ಉಪ್ಪಿಟ್ಟು ತಿಂದ ಮೇಲೆ ಎಲ್ಲರೂ ಊಟದ ಹಾಲಿನಲ್ಲೇ ಸಾಲಾಗಿ ಕೂತು ಮನೆಗೆ ಕಾಗದ ಬರೆಯಬೇಕು, ಅಂಟಿಸದೆ ಮೇಷ್ಟ್ರ ಕೈಗೆ ಕೊಡಬೇಕು. ಅವರು ಓದಿ, ಅಂಟಿಸಿ, ಸೋಮವಾರ ಟಪಾಲಿಗೆ ಹಾಕುತ್ತಿದ್ದರು. ಸಣಕಲು ಮೈ, ನಶ್ಯದ ಕಲೆಯ ಟವೆಲ್ಲು, ಜೇಬಿನಲ್ಲಿ ಕೆಂಪು ಪೆನ್ನು. ಊಟ ಸರಿಯಿಲ್ಲ, ಹೊಡೆಯುತ್ತಾರೆ ಎಂದೇನಾದರೂ ಬರೆದರೆ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಾರೆ ಎಂಬುದು ನಮ್ಮೆಲ್ಲರ ನಂಬಿಕೆ. ಹೊಡೆದು ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದೇ ಮೊನ್ನೆಮೊನ್ನೆಯವರೆಗೆ ಹೇಳುತ್ತಿದ್ದೆ. ಕಂಡಿದ್ದೆನೇ? ಈಗ ಆಣೆಯಿಟ್ಟು ಹೇಳಲಾರೆ.

ಆ ಪೆನ್ನಿನಿಂದ ತಪ್ಪಿಸಿಕೊಳ್ಳಲು ನಾವು ಹುಡುಗರು ಒಂದು ಉಪಾಯ ಹೂಡಿದೆವು: ಎಲ್ಲವನ್ನೂ ತಿರುವುಮುರುವಾಗಿ ಬರೆಯುವುದು. ಊಟ ಚೆನ್ನಾಗಿದೆ ಎಂದರೆ ಕೆಟ್ಟದಾಗಿದೆ, ಬರಬೇಡ ಎಂದರೆ ಬಾ. ಅಪ್ಪ ಹೋದ ದುಃಖವೋ, ಹೊಸ ಜಾಗದ ಭಯವೋ, ನನಗೆ ಆಗ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೇರೆ ಹುಡುಗರ ತಟ್ಟೆಗೆ ದಾಟಿಸಿ ಏಳುತ್ತಿದ್ದೆ. ಆಗ ಬರೆದದ್ದು ಈ ಕಾಗದ.

ಆ ವಾರ ಕಳೆಯುವ ಮೊದಲೇ ಅಮ್ಮ ಬಂದಳು. ಎರಡು ಬಸ್ಸು ಬದಲಾಯಿಸಿ, ಬೆರಳ ಸಂದಿಯ ಕಪ್ಪು ತೊಳೆಯಲೂ ಪುರಸೊತ್ತಿಲ್ಲದೆ. ಹೊಂಗೆ ಮರದ ಕೆಳಗೆ ಕೂರಿಸಿಕೊಂಡು ಚಿತ್ರಾನ್ನ ತಿನ್ನಿಸಿದಳು. "ಹೆಂಗೆ ಗೊತ್ತಾಯ್ತಮ್ಮಾ?" ಎಂದೆ. "ಯಾಕೋ ಬರ್ಬೇಕು ಅನ್ನಿಸ್ತು, ಬಂದೆ" ಎಂದಳು. ಆ ದಿನದಿಂದ ನಾನು ಉಣ್ಣತೊಡಗಿದೆ. ಬದುಕಿನಲ್ಲಿ ಯಾವುದನ್ನೂ ಪುರಾವೆಯಿಲ್ಲದೆ ಒಪ್ಪದ ನಾನು ಇದೊಂದನ್ನು ಹಾಗೇ ಒಪ್ಪಿಕೊಂಡೆ. ನನ್ನ ಅಮ್ಮ ನನ್ನ ಸುಳ್ಳಿನೊಳಗಿನ ನಿಜವನ್ನು ಓದಿದ್ದಳು. ಅವಳು ತೀರಿಕೊಂಡಾಗಲೂ ಬಂದವರಿಗೆಲ್ಲ ಇದನ್ನೇ ಹೇಳಿದೆ.

ಕಳೆದ ತಿಂಗಳು ಹಾಸ್ಟೆಲಿನ ನಾವು ಮೂವರು ಜೆ.ಪಿ. ನಗರದ ಪ್ರಭಾಕರನ ಮನೆಯಲ್ಲಿ ಸೇರಿದ್ದೆವು. ಪ್ರಭಾಕರ ಬನಶಂಕರಿಯಲ್ಲಿ ಬೈಂಡಿಂಗ್ ಅಂಗಡಿ ನಡೆಸಿ, ಈಗ ಮಗಳಿಗೆ ಬಿಟ್ಟುಕೊಟ್ಟಿದ್ದಾನೆ. ಗದಗಿನ ಕಡೆಯ ಬಸವರಾಜ ಇತ್ತೀಚೆಗೆ ಬಿಟಿಎಂನಲ್ಲಿ ಬಾಡಿಗೆಗೆ ಬಂದು ಆಫೀಸೊಂದರ ಸೆಕ್ಯುರಿಟಿ ನೋಡಿಕೊಳ್ಳುತ್ತಿದ್ದಾನೆ. ಯಾರ ಮಂಡಿ ಬದಲಾಯಿತು, ಯಾರಿಗೆ ಮೊಮ್ಮಗು ಆಯಿತು, ಯಾರು ಇನ್ನಿಲ್ಲ ಎಂಬುದೆಲ್ಲ ಮುಗಿದ ಮೇಲೆ ನಾನು ಕಾಗದ ತೆಗೆದು, ಹೆಮ್ಮೆಯಿಂದ ಅದೇ ಕಥೆ ಶುರು ಮಾಡಿದೆ.

ಬಸವರಾಜ ತಡೆದ. "ಲೇ, ಎಲ್ಲಾ ಉಲ್ಟಾ ಬರಿಯೂದು ಅಂತ ನಾವ್ನಾವ ಮಾತಾಡ್ಕೊಂಡ್ವಿ, ಖರೆ. ಮನ್ಯಾಗಿನವ್ರಿಗೆ ಯಾರು ಹೇಳಿದ್ರಲೇ?"

ಯಾರೂ ಹೇಳಿರಲಿಲ್ಲ! ಇಷ್ಟು ವರ್ಷ ಇದು ನನಗೆ ಹೊಳೆದಿರಲೇ ಇಲ್ಲ.

"ನಾ ಚಕ್ಲಿ ಕಳಸಬ್ಯಾಡ ಅಂತ ಬರದೆ," ಎಂದ ಬಸವರಾಜ. "ಮಗಾ ಶಾಣ್ಯಾ ಆದ ಅಂತ ನಮ್ಮವ್ವ ಖುಷಿಯಾಗಿ ವರ್ಷಪೂರ್ತಿ ಕಳಸಲೇ ಇಲ್ಲ!"

ಪ್ರಭಾಕರ ಕೆಮ್ಮು ಬರುವಷ್ಟು ನಕ್ಕ. "ನಮ್ಮಮ್ಮಂಗೆ ಗೊತ್ತಾಯ್ತಲ್ಲ, ಅದಕ್ಕೇನಂತೀಯ?" ಎಂದೆ ನಾನು. ಪ್ರಭಾಕರ ಕಾಗದ ಇಸಿದುಕೊಂಡು ತಿರುಗಿಸಿ ನೋಡಿದ. "ಏ ಪ್ರೊಫೆಸರ್, ಈ ಮಡಿಕೆ ಬಿಡಿಸೇ ಇಲ್ವಲ್ಲೋ ನೀನು. ಸುಮ್ನಿರು, ಹರೀಬೇಡ." ಬಿಸಿನೀರಿನ ಲೋಟದ ಹಬೆಗೆ ಹಿಡಿದು, ತೆಳ್ಳನೆಯ ಚಾಕುವಿನಿಂದ ಒಂದೊಂದೇ ಎಳೆ ಬಿಡಿಸುವಂತೆ ಬಿಡಿಸಿದ. ಆಮೇಲೆ ಅವನ ಮುಖ ಬದಲಾಯಿತು. "ಇದು ನಿನ್ನ ಅಕ್ಷರ ಅಲ್ಲ ಕಣೋ..."

ಕೆಂಪು ಶಾಯಿ ಮಾಸಿ ಕಂದಾಗಿತ್ತು. "ತಾಯಿಯವರೇ, ಹುಡುಗ ಬರಬೇಡಿ ಎಂದು ಬರೆದಿದ್ದಾನೆ. ದಯವಿಟ್ಟು ಬನ್ನಿ. ಊಟ ಬಿಟ್ಟಿದ್ದಾನೆ. ನಾನು ತಿಳಿಸಿದೆನೆಂದು ಅವನಿಗೆ ಹೇಳಬೇಡಿ. ನೀವಾಗಿಯೇ ಬಂದಂತೆ ಇರಲಿ."

ನನ್ನ ಬರಹದ ಮೇಲೆ ಒಂದು ಗೀರೂ ಇರಲಿಲ್ಲ. ಅಷ್ಟು ಹುಡುಗರ ಅಷ್ಟು ಕಾಗದಗಳ ನಡುವೆ ಆ ಮನುಷ್ಯ ನನ್ನ ನಾಲ್ಕು ಸಾಲು ಓದಿದ್ದರು. ಓದಿ, ತಲೆಯೆತ್ತಿ, ನನ್ನ ತಟ್ಟೆಯನ್ನೂ ನೋಡಿದ್ದರು. ನಾನು ಬಾಲ್ಕನಿಗೆ ಹೋಗಿ ಅಕ್ಕನಿಗೆ ಫೋನು ಮಾಡಿದೆ.

"ಸಿಕ್ತಾ?" ಎಂದಳು, ನಾನು ಬಾಯಿ ತೆರೆಯುವ ಮೊದಲೇ.

"ಅಕ್ಕಾ, ನಿಂಗೆ ಗೊತ್ತಿತ್ತಾ?"

"ಓದಿ ಹೇಳಿದ್ದೇ ನಾನಲ್ವೇನೋ. ಮೊದ್ಲು ನೀನು ಬರ್ದಿದ್ದು ಓದ್ದೆ. ಅಮ್ಮ ಎಷ್ಟು ಖುಷಿಯಾದ್ಲು ಅಂತೀಯ, ಪಕ್ಕದ್ಮನೆಯವ್ರನ್ನ ಕರ್ದು ಇನ್ನೊಂದ್ಸಲ ಓದಿಸಿದ್ಲು. ಆಮೇಲೆ ಕೆಂಪಕ್ಷರ ಕಾಣ್ತು. ಅದನ್ನ ಓದ್ತಿದ್ದಂಗೆ ಕಲಸಿದ ಮಸಾಲೆ ಹಾಗೇ ಬಿಟ್ಟು ಎದ್ಬಿಟ್ಲು."

"ಹೇಳ್ಬಾರ್ದಾಗಿತ್ತಾ ನಂಗೆ?"

"ಆಣೆ ಹಾಕಿಸ್ಕೊಂಡಿದ್ಲು ಕಣೋ. ಬಾಯಿ ಬಿಡಲ್ಲ ಅಂದಿದ್ದೆ, ಬಿಡ್ಲಿಲ್ಲ. ಕಾಗದ ಕೊಡಲ್ಲ ಅಂತ ಏನೂ ಅಂದಿರ್ಲಿಲ್ವಲ್ಲ."

ಹಾಗಾದರೆ ಅಮ್ಮನಿಗೆ ಏನೂ ಹೊಳೆದಿರಲಿಲ್ಲ. ನನ್ನ ಸುಳ್ಳನ್ನು ಅವಳು ಸಂತೋಷದಿಂದ ನಂಬಿದ್ದಳು. ಇದನ್ನು ಒಪ್ಪಿಕೊಳ್ಳಲು ನನಗೆ ಕೆಲವು ದಿನ ಹಿಡಿಯಿತು. ಅದಕ್ಕಿಂತ ಹೆಚ್ಚು ದಿನ ಹಿಡಿದದ್ದು ಇನ್ನೊಂದು ನೆನಪನ್ನು ಎದುರಿಸಲು.

ಇಪ್ಪತ್ತು ವರ್ಷಗಳ ಹಿಂದೆ ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಮೇಷ್ಟ್ರು ಸಿಕ್ಕಿದ್ದರು. ಕೈಯಲ್ಲಿ ಸೊಪ್ಪಿನ ಚೀಲ. ನಾನೇ ಗುರುತು ಹೇಳಿಕೊಂಡೆ. ಸಂತೋಷಪಟ್ಟರು. ನನಗೋ ಹಳೆಯ ಸಿಟ್ಟು. ನಿಂತ ನಿಲುವಿನಲ್ಲೇ ಉಲ್ಟಾ ಬರಹದ ಕಥೆಯನ್ನೆಲ್ಲ ಹೇಳಿ, "ನಿಮ್ಮ ಕೆಂಪು ಪೆನ್ನಿಗೇ ಚಳ್ಳೆಹಣ್ಣು ತಿನ್ನಿಸಿದ್ವಿ ಸಾರ್! ನಿಮಗೆ ಗೊತ್ತಾಗ್ಲಿಲ್ಲ, ಓದೋಕೆ ಬರ್ದಿರೋ ನಮ್ಮಮ್ಮಂಗೆ ಗೊತ್ತಾಯ್ತು" ಎಂದೆ.

ಅವರು ಸೊಪ್ಪಿನ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಹೌದೇನಯ್ಯಾ? ನಾನು ದಡ್ಡ, ನಂಗೆಲ್ಲಿ ಗೊತ್ತಾಗ್ಬೇಕು," ಎಂದರು. "ತಾಯಂದಿರಿಗೆ ಗೊತ್ತಾಗುತ್ತೆ." ಆಮೇಲೆ ಅಮ್ಮ ಹೇಗಿದ್ದಾರೆ ಎಂದು ವಿಚಾರಿಸಿದರು. ಬನಶಂಕರಿ ಬಸ್ಸು ಬಂತು, ಹತ್ತಿದರು.

ಇವೇ ಮಾತುಗಳನ್ನು ಆಡಿದರೋ, ನಾನು ಈಗ ಕೂಡಿಸಿಕೊಳ್ಳುತ್ತಿದ್ದೇನೋ... ಕೆಂಪು ಗೀರುಗಳ ವಿಷಯದಲ್ಲಿ ಅಷ್ಟು ತಪ್ಪಿದವನು ಇದರಲ್ಲಿ ಸರಿಯಿದ್ದೇನೆಂದು ಹೇಗೆ ಹೇಳಲಿ? ಆದರೆ ಒಂದಂತೂ ಖಚಿತ, ಅವರು ನಿಜ ಹೇಳಲಿಲ್ಲ. ಅವಮಾನ ಮಾಡುತ್ತಿದ್ದವನ ಎದುರು ನಿಂತು, ಅವನ ಅಮ್ಮನನ್ನು ಎರಡನೇ ಸಲ ಅವನಿಗೇ ಕೊಟ್ಟು ಹೋದರು. ನಾನು ಕಲಿತ ಯಾವ ಶಾಸ್ತ್ರದಲ್ಲೂ ಇದನ್ನು ಅಳೆಯುವ ಸಾಧನವಿಲ್ಲ. ಆ ಹೊತ್ತಿನಲ್ಲಿ ಅವರ ಮುಖ ಹೇಗಿತ್ತೆಂದು ನೆನಪಿಸಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗುತ್ತಿಲ್ಲ. ನಾನು ಗೆದ್ದ ಖುಷಿಯಲ್ಲಿದ್ದೆ, ನೋಡಿರಲೇ ಇಲ್ಲ.

ಪ್ರಭಾಕರ, ಬಸವರಾಜ ಇಬ್ಬರೂ ತಮ್ಮತಮ್ಮ ಮನೆಗಳಲ್ಲಿ ಹಳೆಯ ಕಾಗದ ಹುಡುಕಿದರು. ಏನೂ ಸಿಗಲಿಲ್ಲ. ಇನ್ನೆಷ್ಟು ಮನೆಗಳಿಗೆ ಅಂಥ ಸಾಲುಗಳು ಹೋಗಿದ್ದವೋ, ಯಾವ ತಾಯಂದಿರು ಬಾಯಿ ಬಿಡದೆಯೇ ಹೋದರೋ, ಇನ್ನು ತಿಳಿಯುವ ಬಗೆಯಿಲ್ಲ.

ಮೇಷ್ಟ್ರು ತೀರಿಕೊಂಡು ಮೂರು ವರ್ಷವಾಯಿತು. ನಿನ್ನೆ ನಮ್ಮ ಹಾಸ್ಟೆಲಿನವರ ವಾಟ್ಸಾಪ್ ಗುಂಪಿನಲ್ಲಿ ಹಿಂದೆ ಹಿಂದೆ ಹೋಗಿ ಆ ದಿನದ ಸುದ್ದಿ ಹುಡುಕಿ ತೆಗೆದೆ. ಕೆಳಗೆ ಉದ್ದಕ್ಕೆ ಎಲ್ಲರ ಕೈಮುಗಿದ ಚಿತ್ರಗಳು. ನನ್ನದೂ ಒಂದಿದೆ, ಮಾತಿಲ್ಲದೆ. ಅದಾದ ಎರಡೇ ನಿಮಿಷಕ್ಕೆ ನಾನು ಯಾವುದೋ ತಮಾಷೆಯ ವಿಡಿಯೋ ಹಾಕಿದ್ದೇನೆ.